ಕೈ ಸೋಂಕದ ಪರೀಕ್ಷೆ

ಯಂತ್ರ ಬಂದ ದಿನ ಅದನ್ನು ಹೊತ್ತವಳು ಫಕೀರವ್ವ.

ಪುಣೆಯಿಂದ ಲಾರಿಯಲ್ಲಿ ಬಂದ ಕಟ್ಟಿಗೆಯ ಪೆಟ್ಟಿಗೆ. ಲಾರಿಯವನು ಹಿಂದವಾಡಿಯ ತಿರುವಿನಲ್ಲೇ ಇಳಿಸಿ ಹೋದ. ಅಲ್ಲಿಂದ ನಮ್ಮ ಲ್ಯಾಬಿಗೆ ಮುನ್ನೂರು ಹೆಜ್ಜೆ. ಪೆಟ್ಟಿಗೆಯ ಒಂದು ತುದಿಗೆ ಪಕ್ಕದ ಹಿಟ್ಟಿನ ಗಿರಣಿಯ ಲಕ್ಷ್ಮಪ್ಪ, ಇನ್ನೊಂದು ತುದಿಗೆ ಫಕೀರವ್ವ. ಲಕ್ಷ್ಮಪ್ಪ ಮೂರು ಸಲ ಇಳಿಸಿ ಬೆವರು ಒರೆಸಿಕೊಂಡ. ಈಕೆ ಒಮ್ಮೆಯೂ ಇಳಿಸೋಣ ಅನ್ನಲಿಲ್ಲ. ಒಳಗೆ ತಂದು ಮೇಜಿನ ಮೇಲೆ ಕೂರಿಸಿದ ಮೇಲೆ ಈರಯ್ಯ ಡಾಕ್ಟರು ಮೆಲ್ಲಗೆ ಹೇಳಿದರು:

"ಫಕೀರವ್ವ, ನೀ ಸ್ವಲ್ಪ ಹೊರಗ ನಿಂದ್ರು. ಪೂಜಿ ಐತಿ."

ಆಕೆ ಹೊರಗೆ ನಿಂತಳು. ಒಳಗೆ ಯಂತ್ರಕ್ಕೆ ಹಾರ ಹಾಕಿದರು, ಕುಂಕುಮ ಹಚ್ಚಿದರು, ತೆಂಗಿನಕಾಯಿ ಒಡೆದರು. ಸಮುದ್ರ ದಾಟಿ ಬಂದ ಯಂತ್ರ ತನಗೇನಾಗುತ್ತಿದೆ ಎಂದು ತಿಳಿಯದೆ ಕೆಂಪು ದೀಪ ಮಿಟುಕಿಸುತ್ತ ಕೂತಿತ್ತು. ಪ್ರಸಾದದ ಪೇಡೆ ನನಗೂ ಸಿಕ್ಕಿತು. ಅರ್ಧ ಮುರಿದು ಫಕೀರವ್ವನಿಗೆ ಕೊಟ್ಟೆ. "ಯಂತ್ರದ್ದೇನ ಇದು?" ಎಂದು ಕೇಳಿ ಬಾಯಿಗೆ ಹಾಕಿಕೊಂಡಳು. "ನಾ ಬಂದು ಹನ್ನೆರಡು ವರ್ಷಾತು, ನನಗ್ಯಾರೂ ಪೇಡೆ ಹಂಚಲಿಲ್ಲ ನೋಡು."

ಇದು ಎಂಬತ್ತನಾಲ್ಕನೇ ಇಸವಿಯ ಮಾತು. ನನ್ನ ಹೆಸರು ದಿಲಶಾದ. ಬೆಳಗಾವಿ ದರಬಾರ ಗಲ್ಲಿಯವಳು. ಈರಯ್ಯ ಡಾಕ್ಟರ ರಕ್ತ ಪರೀಕ್ಷೆಯ ಲ್ಯಾಬಿನಲ್ಲಿ ರಿಪೋರ್ಟು ಟೈಪು ಮಾಡುವವಳು. ಫಕೀರವ್ವ ಅಲ್ಲಿ ಬಾಟ್ಲಿ ತೊಳೆಯುವವಳು. ಹಾಜರಿ ಪುಸ್ತಕದಲ್ಲಿ ಹಾಗೆಂದು ಬರೆದಿತ್ತು. ಹಾಜರಿ ಪುಸ್ತಕ ಬಹಳ ಸುಳ್ಳು ಹೇಳುತ್ತದೆ.

ಮರುದಿನ ಪೇಂಟರು ಬಂದು ಲ್ಯಾಬಿನ ಬೋರ್ಡಿನ ಕೆಳಗೆ ಕನ್ನಡದಲ್ಲೂ ಮರಾಠಿಯಲ್ಲೂ ದೊಡ್ಡದಾಗಿ ಬರೆದ: 'ಮನುಷ್ಯರ ಕೈ ಸೋಂಕದ ರಕ್ತ ಪರೀಕ್ಷೆ.' ಈ ಮಾತು ಹೊಸೆದವನು ಯಂತ್ರದ ಏಜಂಟ ಕುಡಚಿಕರ. ಸಫಾರಿ ಸೂಟು, ಕೈಯಲ್ಲಿ ಚರ್ಮದ ಬ್ಯಾಗು. ಊರು ನೋಡಿ ಮಾತು ಮಾರುವ ಮನುಷ್ಯ. ಡಾಕ್ಟರ ಮುಂದೆ ಕುರ್ಚಿ ಎಳೆದುಕೊಂಡು ಹೇಳಿದ್ದನ್ನು ನಾನೇ ಕೇಳಿದ್ದೇನೆ.

"ಡಾಕ್ಟರಸಾಹೇಬ, ಮುಂಬೈದಾಗ ಇದನ್ನ 'ಒಂದು ನಿಮಿಷಕ್ಕ ರಿಸಲ್ಟ' ಅಂತ ಮಾರತೀವಿ. ಇಲ್ಲಿ ಮಂದಿಗೆ ಅವಸರ ಇಲ್ರಿ. ಇಲ್ಲಿ 'ಯಾರೂ ಮುಟ್ಟಂಗಿಲ್ಲ' ಅಂತ ಮಾರಬೇಕು."

ಮಾರಾಟವಾಯಿತು. ಪಾಪ, ಆತ ಸುಳ್ಳು ಹೇಳಿರಲಿಲ್ಲ. ಹಿಂದವಾಡಿಯ ಗಂಗಾದೇವಿ ಬಾಯಾರು, ಯಾರ ಮನೆಗೆ ಹೋದರೂ ಕುಡಿಯುವ ನೀರನ್ನು ಮನೆಯಿಂದಲೇ ಒಯ್ಯುವ ಹೆಂಗಸು, ಬೋರ್ಡು ಓದಿ ಕೂಡಲೇ ಒಳಗೆ ಬಂದರು. ಅವರಿಗೆ ಯಾವ ರೋಗವೂ ಇರಲಿಲ್ಲ. "ಹಂಗಾರ ಒಮ್ಮಿ ನೋಡೇ ಬಿಡ್ರಿ," ಅಂದರು. ನೆರೆಹೊರೆಯವರನ್ನೂ ಕರೆತಂದರು. ಬೆರಳು ಚುಚ್ಚಿಸಿಕೊಳ್ಳಲು ಮಂದಿ ಸರತಿಯಲ್ಲಿ ನಿಂತದ್ದನ್ನು ನಾನು ಅದೇ ಮೊದಲು ನೋಡಿದೆ.

ಕೈ ಸೋಂಕುತ್ತಿರಲಿಲ್ಲ, ಅದು ಖರೆ. ಬಾಯಿ ಸೋಂಕುತ್ತಿತ್ತು.

ಹೇಳುತ್ತೇನೆ. ಯಂತ್ರಕ್ಕೆ ರಕ್ತವನ್ನು ಹಾಗೇ ಕುಡಿಸಲು ಬರುವುದಿಲ್ಲ. ಉಪ್ಪು ನೀರಿನಲ್ಲಿ ಬೆರೆಸಿ ತೆಳ್ಳಗೆ ಮಾಡಿ ಕೊಡಬೇಕು. ಅದಕ್ಕೊಂದು ಗಾಜಿನ ಕೊಳವೆ, ಒಳಗೆ ಕೂದಲಿನಷ್ಟು ಸಣ್ಣ ತೂತು. ಕೊಳವೆಯ ಬಾಲಕ್ಕೆ ರಬ್ಬರಿನ ನಳಿಗೆ. ನಳಿಗೆಯ ತುದಿಯನ್ನು ಹಲ್ಲಿನಲ್ಲಿ ಕಚ್ಚಬೇಕು. ಉಸಿರು ಎಳೆದು ರಕ್ತವನ್ನು ಗೆರೆಯ ತನಕ ಏರಿಸಬೇಕು. ತುಸು ಹೆಚ್ಚು ಎಳೆದರೆ ಲೆಕ್ಕ ಕೆಡುತ್ತದೆ. ಇನ್ನೂ ತುಸು ಎಳೆದರೆ ರಕ್ತ ಬಾಯಿಗೆ ಬರುತ್ತದೆ. ಫಕೀರವ್ವ ಇದನ್ನು ದಿನಕ್ಕೆ ಐವತ್ತು ಅರವತ್ತು ಸಲ ಮಾಡುತ್ತಿದ್ದಳು. ಸಂಜೆಗೆ ದವಡೆ ಬಿಗಿದು ಆಕೆಗೆ ರೊಟ್ಟಿ ಅಗಿಯಲು ಆಗುತ್ತಿರಲಿಲ್ಲ. ಚಹಾದಲ್ಲಿ ನೆನೆಸಿ ನುಂಗುತ್ತಿದ್ದಳು. ಹಿಂದವಾಡಿಯ ಬಂಗಲೆಗಳ ರಕ್ತ, ಖಾನಾಪುರದ ಹೆಂಚಿನ ಭಟ್ಟಿಯವರ ರಕ್ತ, ಕಾಮಾಲೆಯವರದು, ಟಿ.ಬಿ.ಯವರದು, ಎಲ್ಲವೂ ಫಕೀರವ್ವನ ನಾಲಿಗೆಯ ತನಕ ಬಂದು ಹೋಗಿವೆ.

"ಹೆಂಗಿರತೈತಿ ಅಕ್ಕಾ?" ಎಂದು ಒಮ್ಮೆ ಕೇಳಿದ್ದೆ.

"ಎಲ್ಲಾರದೂ ಉಪ್ಪ," ಅಂದಳು. "ಗಂಗಾದೇವಿ ಬಾಯಾರದು ಸಿಹಿ ಇರಬೇಕಂತ ಮಾಡಿದ್ದೆ. ಅದೂ ಉಪ್ಪ."

ಈ ಕೆಲಸವೆಲ್ಲ ನಡೆಯುತ್ತಿದ್ದುದು ಹಸಿರು ಪರದೆಯ ಹಿಂದೆ. ಪರದೆ ಅಂದರೆ ನಮ್ಮ ಮನೆತನದ ಆಸ್ತಿ ಎಂದು ನಾನು ತಿಳಿದಿದ್ದೆ. ಇಲ್ಲಿ ಬಂದು ನೋಡಿದರೆ ಬುರ್ಕಾ ಹಾಕಿಕೊಂಡು ಬರುವ ನಾನು ಮುಂದಿನ ಮೇಜಿನಲ್ಲಿ, ಸೆರಗನ್ನು ಸೊಂಟಕ್ಕೆ ಬಿಗಿದು ಕಚ್ಚೆ ಹಾಕಿದ ಫಕೀರವ್ವ ಪರದೆಯ ಹಿಂದೆ. ರೋಗಿಗಳಿಗೆ ಆಕೆ ಕಾಣಬಾರದು. ಡಾಕ್ಟರು ಕೆಟ್ಟ ಮಾತು ಆಡಿದವರಲ್ಲ. "ನನಗೇನೂ ಇಲ್ಲವಾ, ಮಂದಿ ಬ್ಯಾರೆ ಇರತಾರ," ಎಂದು ನಗುತ್ತಲೇ ಹೇಳುತ್ತಿದ್ದರು. ನಗುತ್ತಲೇ ಆಕೆಯ ಚಹಾದ ಕಪ್ಪನ್ನು ಬೇರೆ ಗೂಟಕ್ಕೆ ಹಾಕಿಸಿದ್ದರು.

ಫಕೀರವ್ವ ಹುಟ್ಟಿದ್ದು ಪಾರಿಶ್ವಾಡದಲ್ಲಿ. ಗಂಡ ಮೈಲಾರಲಿಂಗ ಸತ್ತ ಮೇಲೆ ಖಾನಾಪುರ ಸ್ಟೇಶನ್ನಿನ ಬದಿಗೆ ಒಂದು ಖೋಲಿ ಹಿಡಿದಿದ್ದಳು. ಖಾನಾಪುರದ ಮುದುಕ ಡಾಕ್ಟರೊಬ್ಬರು ತಮ್ಮ ರೋಗಿಗಳ ರಕ್ತದ ಬಾಟ್ಲಿಗಳನ್ನು ಈಕೆಯ ಕೈಯಲ್ಲೇ ಕಳಿಸುತ್ತಿದ್ದರು. ಬೆಳಗಿನ ಪ್ಯಾಸೆಂಜರಿನಲ್ಲಿ ಚೀಲ ತೊಡೆಯ ಮೇಲಿಟ್ಟುಕೊಂಡು ಬರುವಳು. ಚೀಲದಲ್ಲಿ ರಕ್ತ ಅಂದ ಕೂಡಲೇ ಬೆಂಚಿನ ಮೇಲೆ ಜಾಗವಾಗುತ್ತಿತ್ತಂತೆ. "ಜಾತಿ ಹೇಳಿದ್ರೂ ಜಾಗಾ ಆಗತೈತಿ, ಆದ್ರ ಜಗಳಾಗತೈತಿ. ರಕ್ತ ಅಂದ್ರ ಸುಮ್ನ ಸರೀತಾರ," ಎಂದು ನಕ್ಕಳು. ನಾನೂ ನಕ್ಕೆ. ಆಮೇಲೆ ನನಗೆ ಸಿಟ್ಟು ಬಂತು. ಆಕೆಗೆ ಬರಬೇಕಾದ ಸಿಟ್ಟುಗಳೆಲ್ಲ ಆಗ ನನಗೆ ಬರುತ್ತಿದ್ದವು.

ಬಾಟ್ಲಿ ತೊಳೆಯುವವಳು ರಕ್ತ ಎಣಿಸುವುದನ್ನು ಕಲಿತದ್ದು ಹೇಗೆ ಎಂದು ಹೇಳಲೇಬೇಕು. ಹೇಳಲು ನನಗೆ ನಾಚಿಕೆ. ಕಲಿಸಿದವನು ನನ್ನ ತಂದೆ ಗೌಸಸಾಬ. ಮೊದಲು ಆತನೇ ಆ ಲ್ಯಾಬಿನ ಟೆಕ್ನಿಶಿಯನ್ನು. ಗೆರೆ ಕೊರೆದ ಗಾಜಿನ ಮೇಲೆ ರಕ್ತದ ಹನಿ ಬಿಟ್ಟು ಸೂಕ್ಷ್ಮದರ್ಶಕದಲ್ಲಿ ಬಿಳಿ ಕಣಗಳನ್ನು ಒಂದೊಂದಾಗಿ ಎಣಿಸುತ್ತಿದ್ದ. ಎಪ್ಪತ್ತಾರರಲ್ಲಿ ಕಣ್ಣಿಗೆ ಪೊರೆ ಬಂತು. ಹೇಳಿದರೆ ಕೆಲಸ ಹೋಗುತ್ತದೆ. ನಾವು ಐದು ಮಂದಿ ಮಕ್ಕಳು. ಅಬ್ಬಾ ಪರದೆ ಎಳೆದು ಫಕೀರವ್ವನನ್ನು ಸ್ಟೂಲಿನ ಮೇಲೆ ಕೂರಿಸಿದ. ನಾಲ್ಕು ವರ್ಷ ಆಕೆ ಎಣಿಸಿದಳು, ಅಬ್ಬಾ ತನ್ನ ಹೆಸರು ಬರೆದ. ಆ ಪಗಾರದಲ್ಲಿ ನಾನು ಟೈಪಿಂಗ್ ಕಲಿತೆ. ಅಬ್ಬಾ ಮನೆಯಲ್ಲಿ ಕೂತ ಮೇಲೂ ಎಣಿಸುತ್ತಿದ್ದವಳು ಆಕೆಯೇ. ರಿಪೋರ್ಟಿನ ಕೆಳಗೆ 'ಎಣಿಸಿದವರು' ಎಂಬ ಸಾಲು ಇತ್ತು. ಅಲ್ಲಿ ಡಾಕ್ಟರು ಹೇಳಿದಂತೆ ನಾನೊಂದು ಅಡ್ಡ ಗೆರೆ ಹೊಡೆಯುತ್ತಿದ್ದೆ. ಆ ಗೆರೆಯೇ ಫಕೀರವ್ವ.

ಕಲಿಸುವುದರಲ್ಲಿ ಅಬ್ಬಾ ಗಟ್ಟಿಗ. ಚೌಕದ ಗೆರೆಯ ಮೇಲೇ ಕೂತ ಕಣವನ್ನು ಏನು ಮಾಡಬೇಕು? "ಮ್ಯಾಲಿನ ಗೆರಿದು, ಎಡಗಡೆ ಗೆರಿದು ನಮ್ಮವು. ಕೆಳಗಿಂದು, ಬಲಗಡೆದು ಬಾಜೂದವರವು," ಎಂದು ಹೇಳಿಕೊಟ್ಟಿದ್ದ. ಬೆಳಗಾವಿಯ ಗಡಿ ತಂಟೆ ಇನ್ನೂ ಮುಗಿದಿಲ್ಲ, ಗಾಜಿನ ಮೇಲಿನ ಗಡಿ ತಂಟೆಯನ್ನು ನಮ್ಮ ಅಬ್ಬಾ ಒಂದೇ ಮಧ್ಯಾಹ್ನದಲ್ಲಿ ಬಗೆಹರಿಸಿದ್ದ. ಎಣಿಸುವ ರೀತಿ ಮಾತ್ರ ಫಕೀರವ್ವನದೇ. ಪಾರಿಶ್ವಾಡದಲ್ಲಿ ಗೌಡರ ರಾಶಿ ಅಳೆಯುವಾಗ ಒಂದು ಅನ್ನುವುದಿಲ್ಲ, ಲಾಭ ಅನ್ನುತ್ತಾರೆ. ಲಾಭ, ಎರಡು, ಮೂರು. ಸಣ್ಣವಳಿದ್ದಾಗ ದೂರ ನಿಂತು ಕೇಳಿ ಕಲಿತ ಲೆಕ್ಕ. ಜೋಳವೂ ಗೌಡರದು, ಲಾಭವೂ ಗೌಡರದು, ಈಕೆಗೆ ದಕ್ಕಿದ್ದು ಎಣಿಕೆ ಒಂದೇ. ಪರದೆಯ ಹಿಂದೆ ತುಟಿಯೊಳಗೇ ಗುನುಗುತ್ತಿದ್ದಳು. ಕಣ ಅನ್ನುತ್ತಿರಲಿಲ್ಲ, ಕಾಳು ಅನ್ನುತ್ತಿದ್ದಳು.

ಯಂತ್ರ ಬಂದ ಮೇಲೆ ಹೊಸ ಫಾರ್ಮು ಅಚ್ಚಾಗಿ ಬಂದವು. 'ಸ್ವಯಂಚಾಲಿತ ಯಂತ್ರದಿಂದ ಎಣಿಸಲಾಗಿದೆ' ಎಂದು ಕೆಳಗೆ ಛಾಪಿಸಿತ್ತು. ಎಣಿಸಿದವರು ಎಂಬ ಸಾಲೇ ಇರಲಿಲ್ಲ. ಫಕೀರವ್ವನ ಅಡ್ಡ ಗೆರೆಯೂ ಹೋಯಿತು. ಇನ್ನು ಆಕೆ ರಕ್ತ ಬೆರೆಸಿ ಕೊಡಬೇಕು, ಬಾಟ್ಲಿ ತೊಳೆಯಬೇಕು, ಅಷ್ಟೇ.

ಹದಿನೈದು ದಿನ ಕಳೆದಿರಬೇಕು. ಒಂದು ಮುಂಜಾನೆ ಫಕೀರವ್ವ ಖಾನಾಪುರದಿಂದ ಬಂದವಳು ಚೀಲ ಇಳಿಸದೇ ನಿಂತಳು. ಖಾನಾಪುರದ ಹೆಂಚಿನ ಕಾರ್ಖಾನೆಯಲ್ಲಿ ಮಣ್ಣು ತುಳಿಯುವ ಸಾತವ್ವ ಎಂಬ ಹುಡುಗಿಗೆ ಜ್ವರ. ಆಕೆಯ ರಕ್ತದಲ್ಲಿ ಬಿಳಿ ಕಣ ನಲವತ್ತೊಂದು ಸಾವಿರ ಎಂದು ಯಂತ್ರ ಹೇಳಿತ್ತು. ನಾನೇ ಟೈಪು ಮಾಡಿದ್ದೆ. ಹತ್ತು ಸಾವಿರ ದಾಟಬಾರದು. ನಲವತ್ತು ಅಂದರೆ ರಕ್ತದ ಕ್ಯಾನ್ಸರು ಇರಬಹುದು, ಮಿರಜಿಗೆ ಒಯ್ಯಿರಿ ಎಂದು ಖಾನಾಪುರದ ಡಾಕ್ಟರು ಹೇಳಿದ್ದರು. ಸಾತವ್ವನ ತಾಯಿ ಎರಡು ಮೇಕೆ ಮಾರಿದ್ದಳು.

"ಆಕಿ ಓಣಿಯೊಳಗಽ ನಾ ಇರೂದು. ಮತ್ತೊಂದು ಬಾಟ್ಲಿ ತಂದೀನಿ," ಅಂದಳು ಫಕೀರವ್ವ. "ನಾ ಎಣಸ್ತೀನಿ. ನೀ ಬಾಗಲಾ ಕಾಯಿ."

ಎಣಿಸಿದಳು. ಎಂಟು ಸಾವಿರದ ಇನ್ನೂರು. ಮತ್ತೆ ಎಣಿಸಿದಳು. ಎಂಟು ಸಾವಿರದ ನೂರೈವತ್ತು.

ಆಮೇಲೆ ಆಕೆ ಮಾಡಿದ ಕೆಲಸ ಯಾವ ಕಾಲೇಜಿನಲ್ಲೂ ಕಲಿಸಿದ್ದಲ್ಲ. ಬರೀ ಉಪ್ಪು ನೀರನ್ನು, ಒಂದು ಹನಿ ರಕ್ತವೂ ಇಲ್ಲದ್ದನ್ನು, ಯಂತ್ರಕ್ಕೆ ಇಟ್ಟಳು. ಯಂತ್ರ ಸೊನ್ನೆಯ ಹತ್ತಿರ ನಿಂತಿತು. ಅಷ್ಟರಲ್ಲಿ ಪಕ್ಕದಲ್ಲಿ ಲಕ್ಷ್ಮಪ್ಪ ಗಿರಣಿ ಚಾಲು ಮಾಡಿದ. ನಮ್ಮ ಗೋಡೆ ನಡುಗಿತು, ಬಲ್ಬು ಮಂಕಾಯಿತು. ಫಕೀರವ್ವ ಅದೇ ನೀರನ್ನು ಮತ್ತೆ ಇಟ್ಟಳು. ಅಂಕಿಗಳು ಗಿರಗಿರ ತಿರುಗಿ ಮೂವತ್ತೆರಡು ಸಾವಿರಕ್ಕೆ ನಿಂತವು.

"ನೋಡು ತಂಗಿ, ನೀರಿಗೂ ರೋಗ ಬಂತು," ಅಂದಳು.

ಸಂಗತಿ ಇಷ್ಟೇ. ಯಂತ್ರಕ್ಕೆ ಕಣ್ಣಿಲ್ಲ. ಸಣ್ಣ ತೂತಿನಲ್ಲಿ ಒಂದು ಕಣ ದಾಟಿದರೆ ವಿದ್ಯುತ್ತಿನ ಒಂದು ಬಡಿತ. ಆ ಬಡಿತವನ್ನು ಅದು ಎಣಿಸುತ್ತದೆ. ಗಿರಣಿಗೂ ನಮಗೂ ಕಂಬದಿಂದ ಬರುವ ತಂತಿ ಒಂದೇ. ಗಿರಣಿಯ ಮೋಟಾರು ಬಡಿದದ್ದನ್ನೂ ಯಂತ್ರ ರಕ್ತವೆಂದೇ ಎಣಿಸುತ್ತಿತ್ತು. ಲಕ್ಷ್ಮಪ್ಪ ಜೋಳ ಹಾಕಿದರೆ ಹಿಂದವಾಡಿಯವರ ರಕ್ತ ಏರುತ್ತಿತ್ತು. ಗಿರಣಿ ನಿಂತ ಹೊತ್ತಿನಲ್ಲಿ ಅಂಕಿ ಸರಿ ಇರುತ್ತಿತ್ತು, ಅದಕ್ಕೇ ಹದಿನೈದು ದಿನ ಯಾರಿಗೂ ಸಂಶಯ ಬಂದಿರಲಿಲ್ಲ. ಮಂಗಳವಾರ ಗಿರಣಿ ಬಂದ್. ವಾರಕ್ಕೆ ಅದೊಂದು ದಿನ ಯಂತ್ರ ಬೆಳಗಿನಿಂದ ಸಂಜೆಯ ತನಕ ಸತ್ಯ ಹೇಳುತ್ತಿತ್ತು.

ಡಾಕ್ಟರಿಗೆ ತೋರಿಸಿದೆವು. ಅವರ ಮುಖದಲ್ಲಿ ರಕ್ತವೇ ಉಳಿಯಲಿಲ್ಲ. ಕುಡಚಿಕರನಿಗೆ ಫೋನು ಮಾಡಿದರು. ಏನೋ ಒಂದು ಡಬ್ಬಿ ಕಳಿಸುತ್ತೇನೆ, ತಂತಿಗೆ ಹಚ್ಚಿರಿ, ಸರಿಹೋಗುತ್ತದೆ ಅಂದ. ಡಬ್ಬಿ ಬರಲಿಲ್ಲ. ಸಾತವ್ವನಿಗೆ ಹೊಸ ರಿಪೋರ್ಟು ಹೋಯಿತು. 'ಯಂತ್ರದಿಂದ ಮರುಪರೀಕ್ಷೆ' ಎಂದು ನನ್ನ ಕೈಯಿಂದಲೇ ಬರೆಸಿದರು. ಮೇಕೆ ಮಾತ್ರ ತಿರುಗಿ ಬರಲಿಲ್ಲ.

"ಯಾರ ಮುಂದೂ ಬಾಯಿ ಬಿಡಬ್ಯಾಡ್ರಿ," ಅಂದರು ಡಾಕ್ಟರು. "ಫಕೀರವ್ವ, ಇವತ್ತಿಂದ ಎಲ್ಲಾ ನೀನಽ ಎಣಸು. ಮಶೀನ ಮುಂದ ಚಾಲೂ ಇರಲಿ."

ಹಾಗೆ ಶುರುವಾಯಿತು ನಮ್ಮ ನಾಟಕ. ಮುಂದೆ ಯಂತ್ರ ದೀಪ ಮಿಟುಕಿಸಬೇಕು, ಹಿಂದೆ ಫಕೀರವ್ವ ಎಣಿಸಬೇಕು. ಆಕೆ ಚೀಟಿಯ ಮೇಲೆ ಅಂಕಿ ಬರೆದು ಪರದೆಯ ಕೆಳಗಿನಿಂದ ತಳ್ಳಬೇಕು. ನಾನು ಯಂತ್ರ ಎಣಿಸಿತು ಎಂದು ಟೈಪು ಮಾಡಬೇಕು. ರೋಗಿಗಳು ಯಂತ್ರಕ್ಕೆ ಕೈ ಮುಗಿದು ಹೋಗುತ್ತಿದ್ದರು. ಮೊದಲು ದಿನಕ್ಕೆ ಇಪ್ಪತ್ತು ಎಣಿಸುತ್ತಿದ್ದವಳು ಈಗ ಬೋರ್ಡಿನ ಪುಣ್ಯದಿಂದ ಅರವತ್ತು ಎಣಿಸುತ್ತಿದ್ದಳು. ಸಂಜೆ ಎದ್ದು ನಿಂತರೆ ಕಣ್ಣ ಮುಂದೆ ಕಾಳು ಹಾರುತ್ತಿದ್ದವು. ಒಮ್ಮೆ ಸ್ಟೇಶನ್ನಿನಲ್ಲಿ ಬೇರೆ ಗಾಡಿ ಹತ್ತಿದಳು.

ಒಂದು ದಿನ ಆಕೆಯೇ ಡಾಕ್ಟರ ಮೇಜಿನ ಮುಂದೆ ಹೋಗಿ ನಿಂತಳು.

"ಸಾಹೇಬ್ರ, ಮಶೀನ ಎಣಿಸೂದಿಲ್ಲ. ನಾ ಎಣಸ್ತೀನಿ. ಕಾಗದದ ಮ್ಯಾಲ ನನ್ನ ಹೆಸರು ಹಾಕ್ರಿ."

ಡಾಕ್ಟರು ನಕ್ಕರು. ಸಿಟ್ಟಿನ ನಗೆಯಲ್ಲ. ಮಗು ಚಂದಪ್ಪನನ್ನು ಬೇಡಿದಾಗ ನಗುವ ನಗೆ.

"ಹುಚ್ಚಿ, ನಿನ್ನ ಹೆಸರು ನೋಡಿದ್ರ ಹಿಂದವಾಡ್ಯಾಗಿಂದ ಒಂದು ನರಪಿಳ್ಳಿ ಬರತೈತೇನು? ಮ್ಯಾಟ್ರಿಕ್ ಆಗೈತೇನು ನಿಂದು?"

"ಮಶೀನಂದು ಆಗೈತೇನ್ರಿ?" ಎಂದು ಕೇಳಿದಳು.

ನಾನು ಟೈಪ್‌ರೈಟರಿನೊಳಗೆ ಮುಖ ಹಾಕಿ ನಕ್ಕೆ. ಡಾಕ್ಟರು ನಗಲಿಲ್ಲ. "ಡೆಮೊ ಮುಗೀಲಿ. ಆಮ್ಯಾಲ ನೋಡೂಣು," ಅಂದರು.

ಡೆಮೊ ಅಂದರೆ ಕುಡಚಿಕರನ ಹೊಸ ಹುನ್ನಾರ. ಬೇರೆ ಬೇರೆ ತಾಲೂಕಿನ ನಾಲ್ಕು ಡಾಕ್ಟರರನ್ನು ಕರೆಸಿ ನಮ್ಮ 'ಕೈ ಸೋಂಕದ ಪರೀಕ್ಷೆ' ತೋರಿಸುವುದು. ಅವರು ಯಂತ್ರ ಕೊಂಡರೆ ಇಡೀ ಜಿಲ್ಲೆಯ ಏಜನ್ಸಿ ಈರಯ್ಯ ಡಾಕ್ಟರಿಗೆ. ಆಗ ಗಿರಣಿ ಇಲ್ಲದ ಕಡೆ ಹೊಸ ಜಾಗ, ಹೊಸ ಯಂತ್ರ. "ಆಕಿನ್ನ ಏನ ಮಾಡೂದ್ರಿ?" ಎಂದು ಕುಡಚಿಕರ ಪರದೆಯ ಕಡೆ ಗೋಣು ಹೊರಳಿಸಿ ಕೇಳಿದ. "ಬಿಡಿಸೂದು. ಇನ್ನ ಯಾಕ ಬೇಕು?" ಅಂದರು ಡಾಕ್ಟರು. ನಾನು ಅಲ್ಲೇ ಇದ್ದೆ. ಟೈಪಿಸ್ಟಿಗೂ ಕಿವಿ ಇರುತ್ತದೆಂಬುದು ದೊಡ್ಡವರಿಗೆ ನೆನಪಿರುವುದಿಲ್ಲ.

ಫಕೀರವ್ವನಿಗೆ ಹೇಳಿದೆ. ಆಕೆ ಕೊಳವೆ ತೊಳೆಯುತ್ತಿದ್ದಳು. ತೊಳೆದು ಮುಗಿಸಿ, ಒರೆಸಿ ಇಟ್ಟು, ಆಮೇಲೆ ಹೇಳಿದಳು: "ಅಂದ್ರ ಆ ದಿನಾನೂ ನಾನಽ ಎಣಿಸಬೇಕು. ನನ್ನ ಹೊರಗ ಹಾಕೂ ಲೆಕ್ಕಾನೂ ನಾನಽ ಮಾಡಿ ಕೊಡಬೇಕು."

"ಏನ ಮಾಡ್ತಿ ಅಕ್ಕಾ?"

"ಎಣಸ್ತೀನಿ," ಅಂದಳು.

ಡೆಮೊ ಇಟ್ಟದ್ದು ನಾಗರ ಪಂಚಮಿಗೆ ಎರಡು ದಿನ ಮೊದಲು. ಪುಣೆಯ ಕಂಪನಿಗೆ ಪಂಚಮಿ ಏನು ಗೊತ್ತು? ಉಂಡಿ ಕಟ್ಟುವ ದಿನಗಳು. ಗಿರಣಿಯ ಮುಂದೆ ಕಡಲೆಬೇಳೆ, ಅಕ್ಕಿ, ಗೋಧಿಯ ಡಬ್ಬಿಗಳ ಸಾಲು ಬೀದಿಯ ತನಕ. ಒಂದು ತಾಸು ಬಂದ್ ಮಾಡು ಎಂದು ಡಾಕ್ಟರು ಕೇಳಿದ್ದಕ್ಕೆ ಲಕ್ಷ್ಮಪ್ಪ, "ನೀವು ನಿಮ್ಮ ಮಶೀನ ಬಂದ್ ಮಾಡ್ರಿ. ಹೆಣ್ಣಮಕ್ಕಳ ಕೈಯಾಗ ನಾ ಬಡಿಸಿಕೊಳ್ಳಾಕ ಒಲ್ಲೆ," ಅಂದಿದ್ದ.

ನಾಲ್ಕು ಡಾಕ್ಟರರು ಕುರ್ಚಿಯಲ್ಲಿ ಕೂತರು. ಖಾನಾಪುರದ ಮುದುಕ ಡಾಕ್ಟರೂ ಇದ್ದರು. ಎಲ್ಲರ ಕಣ್ಣೆದುರು ಬೆರಳು ಕೊಡಲು ಗಂಗಾದೇವಿ ಬಾಯಾರನ್ನೇ ಕರೆಸಿದ್ದರು. ಬಾಯಾರು ರೇಷ್ಮೆ ಸೀರೆಯಲ್ಲಿ ಬಂದು, ಬರುವ ದಾರಿಯಲ್ಲಿ ಕಡಲೆಬೇಳೆಯ ಡಬ್ಬಿಯನ್ನು ಗಿರಣಿಯಲ್ಲಿ ಸಾಲಿಗೆ ಇಟ್ಟು, ಒಳಗೆ ಕೂತರು. ಕುಡಚಿಕರ ಭಾಷಣ ಮಾಡಿದ. ಈರಯ್ಯ ಡಾಕ್ಟರು ಸೂಜಿ ಚುಚ್ಚಿದರು. ರಕ್ತ ಪರದೆಯ ಹಿಂದೆ ಹೋಯಿತು, ಬೆರೆಸಿದ ನೀರಾಗಿ ಹೊರಗೆ ಬಂತು. ಕುಡಚಿಕರ ಅದನ್ನು ಯಂತ್ರಕ್ಕೆ ಇಟ್ಟು ಗುಂಡಿ ಒತ್ತಿದ. ಅಂಕಿ ಕಾಣದಂತೆ ಡಾಕ್ಟರು ಅಡ್ಡ ನಿಂತರು. ಇನ್ನು ಚೀಟಿ ಬರಬೇಕು. ಡಾಕ್ಟರು ಅದನ್ನು ನೋಡಿ ಯಂತ್ರದ ಅಂಕಿ ಎಂದು ಓದಬೇಕು.

ಚೀಟಿ ಬರಲಿಲ್ಲ. ಡಾಕ್ಟರು ಕೆಮ್ಮಿದರು. ನಾನು ಪರದೆಯ ಬುಡಕ್ಕೆ ನೋಡಿದೆ. ಆಗ ಧ್ವನಿ ಬಂತು.

"ಲಾಭ... ಎರಡು... ಮೂರು... ನಾಕು..."

ರಾಶಿಯಲ್ಲಿ ಇಡೀ ಹೊಲಕ್ಕೆ ಕೇಳಲಿ ಎಂದು ಕೂಗುವ ಧ್ವನಿ. ಡಾಕ್ಟರರೆಲ್ಲ ತಲೆ ಎತ್ತಿದರು.

"ಬಾಜೂ ಗಿರಣ್ಯಾಗ ಏನೋ ಅಳ್ಯಾಕತ್ತಾರ," ಅಂದ ಕುಡಚಿಕರ.

"ಗಿರಣಿ ಆ ಕಡೆ ಐತಿ," ಅಂದರು ಖಾನಾಪುರದ ಡಾಕ್ಟರು. "ಧ್ವನಿ ಈ ಕಡೆ ಬರಾಕತ್ತೈತಿ."

"ಹನ್ನೊಂದು... ಹನ್ನೆರಡು..."

ಈರಯ್ಯ ಡಾಕ್ಟರು ಪರದೆಯ ಕಡೆ ಧಾವಿಸಿದರು. ಅವರು ಮುಟ್ಟುವ ಮೊದಲೇ ಪರದೆ ಸರಿಯಿತು. ಫಕೀರವ್ವ ಸ್ಟೂಲಿನ ಮೇಲೆ ಕೂತಿದ್ದಳು. ಕೊರಳಲ್ಲಿ ರಬ್ಬರಿನ ನಳಿಗೆ. ತುಟಿಯ ಮೂಲೆಯಲ್ಲಿ ಬಾಯಾರ ರಕ್ತದ ಒಂದು ಕಲೆ. ಒಂದು ಕೈ ಗಾಜಿನ ಮೇಲೆ. ಇನ್ನೊಂದು ಕೈ ಎತ್ತಿ ಎಲ್ಲರಿಗೂ ತಡೆಯಿರಿ ಎಂದು ಸನ್ನೆ ಮಾಡಿದಳು. ಗಾಜಿನ ಮೇಲಿನ ನಾಲ್ಕೂ ಚೌಕ ಮುಗಿಯುವ ತನಕ ಕಣ್ಣು ಎತ್ತಲಿಲ್ಲ. ನಾಲ್ಕು ಡಾಕ್ಟರರು, ಒಬ್ಬ ಏಜಂಟ, ಒಬ್ಬ ಮಾಲೀಕ. ಬಾಟ್ಲಿ ತೊಳೆಯುವವಳು ಎಣಿಸಿ ಮುಗಿಸಲಿ ಎಂದು ಕಾದರು.

ಅಷ್ಟರಲ್ಲಿ ಡಾಕ್ಟರು ಜಾಗ ಬಿಟ್ಟದ್ದರಿಂದ ಯಂತ್ರದ ಮುಖ ಎಲ್ಲರಿಗೂ ಕಂಡಿತು. ಮೂವತ್ತೊಂಬತ್ತು ಸಾವಿರದ ನಾಲ್ಕುನೂರು.

"ಅಂದ್ರ ನನಗೇನಾಗೇತ್ರಿ?" ಗಂಗಾದೇವಿ ಬಾಯಾರ ಧ್ವನಿ ಒಡೆಯಿತು. ಹತ್ತು ಸಾವಿರ ದಾಟಬಾರದೆಂಬುದು ಹಳೆಯ ರಿಪೋರ್ಟಿನಿಂದ ಅವರಿಗೆ ಗೊತ್ತಿತ್ತು.

"ಬಾಯಾರ, ಅಂಜಬ್ಯಾಡ್ರಿ. ನಿಮಗೇನೂ ಆಗಿಲ್ಲ," ಅಂದಳು ಫಕೀರವ್ವ. "ನಿಮ್ಮಂಥವರ ಕಡಲಿಬ್ಯಾಳಿ ಬೀಸಾಕತ್ತಾರಲ್ಲ, ಅದನ್ನ ಮಶೀನ ನಿಮ್ಮ ರಕ್ತ ಅಂತ ಎಣಸೈತಿ."

"ನೀ ಯಾರವಾ?" ಅಂದರು ಬಾಯಾರು.

"ಎಣಸಾಕಿ."

ಖಾನಾಪುರದ ಡಾಕ್ಟರು ಎದ್ದು ಬಂದು ಸೂಕ್ಷ್ಮದರ್ಶಕದಲ್ಲಿ ಕಣ್ಣಿಟ್ಟರು. ಬಹಳ ಹೊತ್ತು ನೋಡಿದರು. "ನಲವತ್ತು ಸಾವಿರ ಅಲ್ಲ ಬಿಡ್ರಿ. ಕಾಳು ಕಡಿಮಿ ಅದಾವು. ನಿಖರ ಲೆಕ್ಕ ಈಕಿನಽ ಹೇಳಬೇಕು. ನಾ ಎಣಿಸೂದು ಬಿಟ್ಟು ಇಪ್ಪತ್ತು ವರ್ಷಾತು," ಅಂದರು. ಮಿಕ್ಕ ಮೂವರು ತಮ್ಮ ಬೂಟು ನೋಡಿಕೊಂಡರು. ಅವರೂ ಬಿಟ್ಟಿದ್ದರು.

"ಬರದು ಕೊಡ ಹಂಗಾರ," ಅಂದರು ಬಾಯಾರು. "ನನಗ ಕಾಗದ ಬೇಕು."

ಫಕೀರವ್ವ ಎದ್ದು ನಿಂತಳು. "ಕೊಡ್ತೀನ್ರಿ. ಕೆಳಗ ನನ್ನ ಹೆಸರು ಇರಬೇಕು. ಹೆಸರಿಲ್ಲದ ಲೆಕ್ಕ ಇವತ್ತಿಂದ ಕೊಡೂದಿಲ್ಲ. ಬಿಡಸ್ತಿದ್ರ ಬಿಡಸ್ರಿ."

ಈರಯ್ಯ ಡಾಕ್ಟರು ನನ್ನ ಕಡೆ ಬಗ್ಗಿ ಪಿಸುಗುಟ್ಟಿದರು. "ದಿಲಶಾದ, ಎಫ್. ಎಂ. ಅಂತ ಹಾಕು."

"ಅದ್ಯಾರ್ರಿ?" ಅಂದಳು ಫಕೀರವ್ವ.

ಕುಡಚಿಕರ ಹುರುಪಿನಿಂದ ನಡುವೆ ಬಂದ. ಮಾರುವ ಮನುಷ್ಯನಿಗೆ ದಾರಿ ಹೊಳೆಯದೇ ಇರುವುದಿಲ್ಲ. "ಎಫ್. ಎಂ. ಪಾರಿಶ್ವಾಡಕರ ಅಂತ ಹಾಕ್ರಿ. ಭಾರೀ ನಾಂವ ಅದ. ಪುಣೇದವರ ಹಂಗ ಕೇಳತದ."

"ಪುಣೇದಾಗ ನಮ್ಮ ಮಂದಿ ಯಾರೂ ಇಲ್ರಿ," ಅಂದಳು. "ಫಕೀರವ್ವ ಮೈಲಾರಲಿಂಗ ಮಾದರ. ಪೂರಾ ಹಾಕು ತಂಗಿ."

"ಕಡೀ ಹೆಸರು ಬ್ಯಾಡ," ಡಾಕ್ಟರು ಹಲ್ಲು ಕಚ್ಚಿ ಹೇಳಿದರು. "ಬಾಯಾರು ಕುಂತಾರ."

"ಅವರು ಕುಂತಾರಂತನಽ ಹೇಳಾಕತ್ತೀನಿ. ಎಂಟು ವರ್ಷ ಇಂಥವರ ರಕ್ತ ನನ್ನ ಬಾಯಾಗ ಬಂದೈತಿ. ಇವರ ಕಾಗದದಾಗ ನನ್ನ ಹೆಸರು ಬಂದ್ರ ಮೈಲಿಗಿ ಆಗತೈತೇನು?"

ನಾನು ಡಾಕ್ಟರ ಅಪ್ಪಣೆಗೆ ಕಾಯಲಿಲ್ಲ. ಫಾರ್ಮು ಏರಿಸಿದೆ. 'ಸ್ವಯಂಚಾಲಿತ ಯಂತ್ರದಿಂದ' ಎಂದು ಛಾಪಿಸಿದ ಸಾಲಿನ ಮೇಲೆ ಉದ್ದಕ್ಕೂ ಕಾಟು ಹೊಡೆದೆ. ಆ ಸದ್ದಿಗೆ ಡಾಕ್ಟರು ಬೆಚ್ಚಿದರು. ಫಕೀರವ್ವ ಲೆಕ್ಕ ಹೇಳಿದಳು: ನೂರಾ ನಲವತ್ತೇಳು ಕಾಳು, ಐವತ್ತರಿಂದ ಗುಣಿಸಿ ಏಳು ಸಾವಿರದ ಮುನ್ನೂರೈವತ್ತು. ಅದರ ಕೆಳಗೆ ಎಣಿಸಿದವರು ಎಂದು ಹೊಡೆದು, ಹೆಸರನ್ನು ಗಂಡನ ಹೆಸರು, ಅಡ್ಡ ಹೆಸರು ಸಮೇತ ಪೂರ್ತಿ ಹೊಡೆದೆ. ಒಂದು ಅಕ್ಷರವೂ ತಪ್ಪಲಿಲ್ಲ.

ಗಂಗಾದೇವಿ ಬಾಯಾರು ಕಾಗದ ಓದಿದರು. ಹೆಸರಿನ ಹತ್ತಿರ ನಿಂತರು. ಯಂತ್ರದ ಕಡೆ ನೋಡಿದರು. ಅಲ್ಲಿ ಇನ್ನೂ ಮೂವತ್ತೊಂಬತ್ತು ಸಾವಿರವೇ ಇತ್ತು. ಮತ್ತೆ ಹೆಸರು ನೋಡಿದರು. ಮಡಿ ಉಳಿಯಬೇಕಾದರೆ ಕ್ಯಾನ್ಸರು ಆಗಬೇಕು. ಕ್ಯಾನ್ಸರು ಬೇಡವಾದರೆ ಈ ಹೆಸರು ಬೇಕು. ಅಷ್ಟು ಕಷ್ಟದ ವಿಚಾರವನ್ನು ಅವರು ಆಯುಷ್ಯದಲ್ಲೇ ಮಾಡಿರಲಿಕ್ಕಿಲ್ಲ.

"ಸಹಿ ಮಾಡ್ರಿ ಡಾಕ್ಟ್ರ," ಅಂದರು. "ನನ್ನ ಡಬ್ಬಿ ಗಿರಣ್ಯಾಗ ಐತಿ."

ಡಾಕ್ಟರು ಫಕೀರವ್ವನ ಹೆಸರಿನ ಕೆಳಗೆ ಸಹಿ ಹಾಕಿದರು. ನಾನು ಜಾಗ ಬಿಟ್ಟದ್ದು ಅಲ್ಲಿ ಮಾತ್ರ. ಬಾಯಾರು ಕಾಗದವನ್ನು ಎರಡು ಬೆರಳಲ್ಲಿ ಹಿಡಿದು ಒಯ್ದರು. ಫಕೀರವ್ವನ ಮುಖ ನೋಡಲಿಲ್ಲ. ಬಾಯಾರು ಒಂದೇ ದಿನದಲ್ಲಿ ಬದಲಾದರು ಎಂದು ನಾನು ಸುಳ್ಳು ಬರೆಯುವುದಿಲ್ಲ. ಆದರೆ ಒಯ್ದರು.

ಡಾಕ್ಟರರು ಚಹಾ ಕುಡಿಯದೇ ಎದ್ದರು. ಈರಯ್ಯ ಡಾಕ್ಟರು ತಲೆ ಹಿಡಿದು ಒಳಗಿನ ಕೋಣೆಗೆ ಹೋದರು. ಏಜನ್ಸಿ ಹೋಯಿತು. ನಾಳೆ ಫಕೀರವ್ವನ ಕೆಲಸ ಇರುತ್ತದೋ ಇಲ್ಲವೋ ನಮಗಿಬ್ಬರಿಗೂ ಗೊತ್ತಿರಲಿಲ್ಲ. ನನ್ನದೂ ಗೊತ್ತಿರಲಿಲ್ಲ. ಆಕೆ ಗಾಜು ಒರೆಸುತ್ತ ನಿಂತಿದ್ದಳು. ಪರದೆಯನ್ನು ಯಾರೂ ಎಳೆಯಲಿಲ್ಲ.

ಕುಡಚಿಕರ ಮಾತ್ರ ಹೋಗಿರಲಿಲ್ಲ. ಬ್ಯಾಗನ್ನು ಎದೆಗೆ ಅವುಚಿಕೊಂಡು, ಅತ್ತ ಇತ್ತ ನೋಡಿ, ಫಕೀರವ್ವನ ಹತ್ತಿರ ಬಂದ. ಅಂದಿನ ತನಕ ಆಕೆಯನ್ನು ಆತ ಕರೆಯುತ್ತಿದ್ದುದು 'ಏ' ಎಂದು.

"ಫಕೀರವ್ವಬಾಯಿ," ಅಂದ. ಧ್ವನಿ ಬಹಳ ಸಣ್ಣದಾಗಿತ್ತು. "ಮೊನ್ನೆ ಟ್ರಾಯಲ್ ನೋಡುವಾಗ ನಂದಽ ರಕ್ತ ಹಾಕಿ ನೋಡಿದ್ದೆ. ನಲವತ್ತೆರಡು ಸಾವಿರ ತೋರಿಸ್ತು. ಮನ್ಯಾಗ ಹೇಳಿಲ್ಲ. ಎರಡು ದಿವಸಾತು, ತುತ್ತು ಇಳೀವಲ್ದು."

"ಗಿರಣಿ ವಿಷಯ ನಿಮಗ ಗೊತ್ತಿತ್ತಲ್ರಿ. ಡಾಕ್ಟ್ರು ಫೋನ್ ಮಾಡಿ ಹೇಳಿದ್ರಲ್ಲ," ಅಂದೆ ನಾನು.

"ಗೊತ್ತಿತ್ತವ್ವಾ," ಅಂದ. "ಆದ್ರ ನನ್ನ ರಕ್ತ ಅಲ್ಲೇನು ಅದು?"

ಫಕೀರವ್ವ ಅವನನ್ನು ಮೇಲಿಂದ ಕೆಳಗೆ ನೋಡಿದಳು. "ಎಣಿಸಿ ಕೊಡ್ತೀನ್ರಿ. ಹೆಸರು ಇರತೈತಿ. ಪೂರಾ."

"ಇರಲಿ, ಇರಲಿ. ಎಣಸ್ರಿ ನೀವು," ಅಂದು ಕೈ ಚಾಚಿದ.

ಆಕೆ ಅವನ ಬೆರಳನ್ನು ಗಟ್ಟಿಯಾಗಿ ಹಿಡಿದು ಸೂಜಿ ಚುಚ್ಚಿದಳು. ಅವನು ಕೈ ಎಳೆದುಕೊಳ್ಳಲಿಲ್ಲ. ಲೆಕ್ಕ ಬರಲು ಇನ್ನೂ ಹೊತ್ತಿತ್ತು. ನಾನು ಹೊಸ ಹಾಳೆ ಏರಿಸಿ, ಮೊದಲು ಎಣಿಸುವವಳ ಹೆಸರನ್ನೇ ಹೊಡೆದೆ.